ಸ್ವಂತ ದುಡ್ಡೇ ಕೈಗೆ ಸಿಗದ ನಾಳೆ: ಮುಂಬಯಿಯ ಆರ್ಥಿಕ ಬಿಕ್ಕಟ್ಟಿನ ಥ್ರಿಲ್ಲರ್ ಬರೆಯುವ ಕ್ರಮ

ಮುಂಬಯಿಯ ಕನ್ನಡ ಕಥಾ ಕಮ್ಮಟಗಳಿಗೆ ಬರುವ ಹೊಸ ಬರಹಗಾರರು ಇತ್ತೀಚೆಗೆ ಒಂದೇ ಬಗೆಯ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೆಲವೇ ವರ್ಷಗಳಾಚೆ ದೇಶದ ಆರ್ಥಿಕ ಸ್ಥಿತಿ ಹದಗೆಟ್ಟಿರುವ ಕಾಲವನ್ನು ಕಲ್ಪಿಸಿಕೊಂಡು ಒಂದು ಥ್ರಿಲ್ಲರ್ ಬರೆಯಬೇಕೆಂದಿದ್ದೇವೆ, ಆದರೆ ಅರ್ಥಶಾಸ್ತ್ರ ಓದಿಲ್ಲ, ಎಲ್ಲಿಂದ ಆರಂಭಿಸಬೇಕು ಎಂಬುದು ಅವರ ಪ್ರಶ್ನೆ. ಇಂತಹ ಕಾದಂಬರಿಗೆ ಅರ್ಥಶಾಸ್ತ್ರದ ಪದವಿ ಬೇಕಾಗಿಲ್ಲ. ಸಾಮಾನ್ಯ ಮನುಷ್ಯನನ್ನು ಅವನದೇ ದುಡ್ಡಿನಿಂದ ದೂರವಿಡುವ ಒಂದೇ ಒಂದು ಸರಕಾರಿ ಆದೇಶವನ್ನು ಅದರ ಅಂಕಿ, ಅವಧಿ, ವಿನಾಯಿತಿಗಳ ಸಮೇತ ಚೆನ್ನಾಗಿ ತಿಳಿದುಕೊಂಡರೆ ಕಥೆಯ ಮುಕ್ಕಾಲು ಭಾಗ ಅದರೊಳಗಿಂದಲೇ ಹುಟ್ಟುತ್ತದೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲಿಗೆ ಬೇಕಾದ ಸಾಮಗ್ರಿಗಳು. 2016ರ ನವೆಂಬರ್, 2019ರ ಸೆಪ್ಟೆಂಬರ್ ಹಾಗೂ 2020ರ ಮಾರ್ಚ್ ತಿಂಗಳ ದಿನಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಕುಳಿತು ಓದಿರಿ. ರಿಸರ್ವ್ ಬ್ಯಾಂಕು ಹೊರಡಿಸುವ ನಿರ್ದೇಶನಗಳು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ನಾಲ್ಕೈದನ್ನಾದರೂ ಕೊನೆಯ ಸಾಲಿನವರೆಗೆ ಓದಬೇಕು. ಬ್ಯಾಂಕಿನ ಕ್ಯಾಷಿಯರ್ ಆಗಿ ನಿವೃತ್ತರಾದ ಒಬ್ಬರ ಪರಿಚಯ ಮಾಡಿಕೊಳ್ಳಿರಿ. ಇವುಗಳ ಜೊತೆಗೆ, ದಿನಕ್ಕೊಂದು ಚೌಕವಿರುವ ದೊಡ್ಡ ಗೋಡೆ ಕ್ಯಾಲೆಂಡರ್ ಒಂದು ಬೇಕು. ಅದು ಏಕೆ ಎಂಬುದು ನಾಲ್ಕನೆಯ ಹಂತದಲ್ಲಿ ತಿಳಿಯುತ್ತದೆ.

1. ಒಂದು ಆದೇಶವನ್ನು ಆರಿಸಿಕೊಳ್ಳಿರಿ

ಹೊಸಬರ ಹಸ್ತಪ್ರತಿಗಳಲ್ಲಿ ಮೊದಲ ಪುಟದಲ್ಲೇ ಎಲ್ಲವೂ ಏಕಕಾಲಕ್ಕೆ ಕುಸಿಯುತ್ತದೆ: ಷೇರು ಪೇಟೆ, ರೂಪಾಯಿ, ಸರಕಾರ, ವಿದ್ಯುತ್ತು, ಕಾನೂನು. ಎಲ್ಲವೂ ಕುಸಿದ ಮೇಲೆ ಪಾತ್ರಗಳಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ, ಓದುಗನಿಗೆ ಆತಂಕಪಡಲು ಕಾರಣವೂ ಇರುವುದಿಲ್ಲ. ನಿಜವಾದ ಬಿಕ್ಕಟ್ಟುಗಳಲ್ಲಿ ಹೆಚ್ಚಿನ ಸಂಗತಿಗಳು ಎಂದಿನಂತೆಯೇ ನಡೆಯುತ್ತಿರುತ್ತವೆ. ಲೋಕಲ್ ರೈಲು ಓಡುತ್ತದೆ, ಶಾಲೆ ತೆರೆದಿರುತ್ತದೆ, ಹಾಲು ಬರುತ್ತದೆ. ಒಂದು ಕಡೆ ಮಾತ್ರ ಬಾಗಿಲು ಮುಚ್ಚಿರುತ್ತದೆ, ಆ ಬಾಗಿಲಿನೊಳಗೆ ನಿಮ್ಮ ಪಾತ್ರದ ದುಡ್ಡು ಇರುತ್ತದೆ.

ಮುಂಬಯಿಯಲ್ಲಿ ಇದಕ್ಕೆ ಎಲ್ಲರೂ ಕಂಡ ನಿದರ್ಶನವಿದೆ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ, 1949ರ 35ಎ ವಿಧಿಯು ಸಂಕಷ್ಟದಲ್ಲಿರುವ ಬ್ಯಾಂಕಿಗೆ ನಿರ್ದೇಶನ ನೀಡುವ ಅಧಿಕಾರವನ್ನು ರಿಸರ್ವ್ ಬ್ಯಾಂಕಿಗೆ ಕೊಡುತ್ತದೆ. 2019ರ ಸೆಪ್ಟೆಂಬರ್ 23ರಂದು ಇದರ ಅನ್ವಯ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋಆಪರೇಟಿವ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ, ಆರು ತಿಂಗಳ ಅವಧಿಗೆ ಒಬ್ಬ ಠೇವಣಿದಾರನು ಒಟ್ಟು 1,000 ರೂಪಾಯಿಗಳನ್ನು ಮಾತ್ರ ತೆಗೆಯಬಹುದಿತ್ತು. ಕೆಲವೇ ದಿನಗಳಲ್ಲಿ ಆ ಮಿತಿ 10,000ಕ್ಕೆ ಏರಿತು, ಬಳಿಕ 25,000, 40,000, 50,000 ಎಂದು ಮೇಲೇರುತ್ತ 2020ರ ಜೂನ್ ವೇಳೆಗೆ ಒಂದು ಲಕ್ಷಕ್ಕೆ ಬಂತು. ಥ್ರಿಲ್ಲರ್ ಬರೆಯುವವರು ಈ ಏರಿಕೆಯನ್ನು ವಿಶೇಷವಾಗಿ ಗಮನಿಸಬೇಕು. ಮಿತಿ ಸಡಿಲಗೊಂಡಾಗಲೆಲ್ಲ ಒಂದು ಕುಟುಂಬಕ್ಕೆ ಉಸಿರು ಬರುತ್ತದೆ, ಇನ್ನೊಂದಕ್ಕೆ ಅದು ಸಾಲುವುದಿಲ್ಲ. ಹೀಗಾಗಿ ಪ್ರತಿಯೊಂದು ಏರಿಕೆಯೂ ಒಂದು ಅಧ್ಯಾಯದ ತಿರುವಾಗಬಲ್ಲದು.

ಇನ್ನೊಂದು ಬಗೆಯ ಆದೇಶ 2020ರ ಮಾರ್ಚ್ 5ರ ಸಂಜೆ ಯೆಸ್ ಬ್ಯಾಂಕಿನ ಮೇಲೆ ಬಂತು. ಮಿತಿ 50,000 ರೂಪಾಯಿ. ಮಾರ್ಚ್ 18ಕ್ಕೆ ಅದು ತೆರವಾಯಿತು. ಆ ಬ್ಯಾಂಕಿನ ಮೂಲಕ ವಹಿವಾಟು ನಡೆಸುತ್ತಿದ್ದ ಫೋನ್‌ಪೇ ಸೇವೆಯೂ ಆಗ ಸ್ಥಗಿತಗೊಂಡಿದ್ದರಿಂದ, ಆ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದವರ ಮೊಬೈಲ್ ಪಾವತಿಯೂ ನಿಂತುಹೋಯಿತು. ಒಂದು ಕಡೆ ಬಿದ್ದ ಬೀಗ ಸಂಬಂಧವೇ ಇಲ್ಲದ ಇನ್ನೊಂದು ಕಡೆ ಬಾಗಿಲು ಮುಚ್ಚುವ ಈ ಬಗೆಯ ಕೊಂಡಿಯನ್ನು ಹುಡುಕಿ ಟಿಪ್ಪಣಿ ಮಾಡಿಟ್ಟುಕೊಳ್ಳಿರಿ. ಕಥೆಯ ನಡುಭಾಗ ಸೊರಗಿದಾಗ ಅದು ನೆರವಿಗೆ ಬರುತ್ತದೆ.

ಹೊರದೇಶಗಳ ಉದಾಹರಣೆಗಳೂ ಉಪಯುಕ್ತ. ಗ್ರೀಸ್ ದೇಶವು 2015ರ ಜೂನ್ ಕೊನೆಯಲ್ಲಿ ಎಟಿಎಮ್‌ನಿಂದ ದಿನಕ್ಕೆ 60 ಯೂರೊ ಮಾತ್ರ ತೆಗೆಯಬಹುದೆಂದು ವಿಧಿಸಿತು. ಅರ್ಜೆಂಟೀನಾ 2001ರ ಡಿಸೆಂಬರ್‌ನಲ್ಲಿ ವಾರಕ್ಕೆ 250 ಪೆಸೊ ಎಂದಿತು. ಲೆಬನಾನ್‌ನಲ್ಲಿ 2022ರಲ್ಲಿ ಮಹಿಳೆಯೊಬ್ಬಳು ಆಟಿಕೆ ಪಿಸ್ತೂಲು ಹಿಡಿದು ಬ್ಯಾಂಕಿಗೆ ನುಗ್ಗಿ ತನ್ನದೇ ಠೇವಣಿಯನ್ನು ತೆಗೆದುಕೊಂಡು ಹೋದಳು. ಇಡೀ ದೇಶಕ್ಕೆ ಅನ್ವಯವಾಗುವ ಆದೇಶವೇ ಬೇಕೆಂದಾದರೆ ನಮ್ಮ ಸಂವಿಧಾನದ 360ನೇ ವಿಧಿಯನ್ನು ಓದಿರಿ. ಅದು ಹಣಕಾಸಿನ ತುರ್ತುಸ್ಥಿತಿಯ ವಿಧಿ. ನ್ಯಾಯಾಧೀಶರೂ ಸೇರಿದಂತೆ ಸರಕಾರಿ ವೇತನಗಳನ್ನು ಇಳಿಸಲು ಅವಕಾಶ ಕೊಡುತ್ತದೆ, ಘೋಷಣೆಯಾದ ಎರಡು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆಯನ್ನು ಬಯಸುತ್ತದೆ, ಇದುವರೆಗೆ ಒಮ್ಮೆಯೂ ಜಾರಿಯಾಗಿಲ್ಲ. ರಾಜಕೀಯ ಥ್ರಿಲ್ಲರ್‌ಗೆ ಇದು ಒದಗುತ್ತದೆಯಾದರೂ ಮೊದಲ ಕಾದಂಬರಿಗೆ ಒಂದು ಬ್ಯಾಂಕಿನ ಬಾಗಿಲೇ ಸಾಕು ಎಂಬುದು ನನ್ನ ಅಭಿಪ್ರಾಯ.

2. ನಾಳೆ ಎಷ್ಟು ದೂರದಲ್ಲಿದೆ ಎಂಬುದನ್ನು ನಿಗದಿಪಡಿಸಿರಿ

ಐದರಿಂದ ಎಂಟು ವರ್ಷಗಳಾಚೆಗಿನ ಕಾಲ ಸೂಕ್ತ. ಅದಕ್ಕಿಂತ ದೂರ ಹೋದರೆ ಯಂತ್ರಗಳನ್ನು ಕಲ್ಪಿಸುವುದರಲ್ಲೇ ಪುಟಗಳು ಕಳೆಯುತ್ತವೆ. ಇಂದಿನ ಬದುಕಿನಿಂದ ಎರಡು ಮೂರು ಸಂಗತಿಗಳನ್ನಷ್ಟೇ ಬದಲಿಸಿ, ಉಳಿದುದೆಲ್ಲವನ್ನೂ ಇದ್ದಂತೆಯೇ ಬಿಡಿರಿ.

ಬೆಲೆಗಳನ್ನು ಮಾತ್ರ ಲೆಕ್ಕ ಹಾಕಿಯೇ ಬರೆಯಬೇಕು. ಹಣದುಬ್ಬರ ಎಂದರೆ ವರ್ಷದಿಂದ ವರ್ಷಕ್ಕೆ ಒಟ್ಟಾರೆ ಬೆಲೆಗಳು ಏರುವ ಪ್ರಮಾಣ. ರಿಸರ್ವ್ ಬ್ಯಾಂಕಿಗೆ ನಿಗದಿಯಾಗಿರುವ ಗುರಿ ಶೇ. 4, ಅದರಿಂದ ಎರಡು ಅಂಶ ಮೇಲೆ ಅಥವಾ ಕೆಳಗೆ ಹೋಗಲು ಅವಕಾಶವಿದೆ. 72ನ್ನು ಹಣದುಬ್ಬರದ ದರದಿಂದ ಭಾಗಿಸಿದರೆ ಬೆಲೆ ಸುಮಾರು ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ ಎಂಬುದು ಸಿಗುತ್ತದೆ. ದರ ಶೇ. 6 ಆಗಿದ್ದರೆ ಹನ್ನೆರಡು ವರ್ಷ. ಬಿಕ್ಕಟ್ಟಿನಲ್ಲಿ ಅದು ಶೇ. 25ಕ್ಕೆ ಏರಿದರೆ 60 ರೂಪಾಯಿಯ ಇಡ್ಲಿ ಮೂರೇ ವರ್ಷಗಳಲ್ಲಿ 117 ರೂಪಾಯಿ ಮುಟ್ಟುತ್ತದೆ. ಒಂದು ಹಾಳೆಯಲ್ಲಿ ಇಡ್ಲಿ, ಹಾಲು, ಲೋಕಲ್ ಪಾಸು, ಬಾಡಿಗೆ ಇವುಗಳ ದರಪಟ್ಟಿ ಬರೆದು ಮೇಜಿನ ಮೇಲೆ ಅಂಟಿಸಿಟ್ಟುಕೊಳ್ಳಿರಿ. ಮೂರನೆಯ ಅಧ್ಯಾಯದಲ್ಲಿ ಇಡ್ಲಿಗೆ 117 ಎಂದು ಹೇಳಿ ಎಂಟನೆಯದರಲ್ಲಿ 90 ಎಂದರೆ ಓದುಗನು ತಕ್ಷಣ ಹಿಡಿಯುತ್ತಾನೆ. ಮುಂಬಯಿಯ ಓದುಗನಂತೂ ಖಂಡಿತ ಹಿಡಿಯುತ್ತಾನೆ.

3. ಆದೇಶವು ಅತಿ ಹೆಚ್ಚು ಬಿಗಿಯುವ ವ್ಯಕ್ತಿಯನ್ನು ಹುಡುಕಿರಿ

ಅರ್ಥಶಾಸ್ತ್ರಜ್ಞನನ್ನೋ ಗುಪ್ತಚರನನ್ನೋ ನಾಯಕನನ್ನಾಗಿ ಮಾಡುವ ಆಸೆಯನ್ನು ಬಿಡಿರಿ. ಆದೇಶದ ಸಾಲುಗಳನ್ನು ಒಂದೊಂದಾಗಿ ಓದುತ್ತ, ಇದು ಯಾರ ಬದುಕಿಗೆ ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗಿ ತಗಲುತ್ತದೆ ಎಂದು ಕೇಳಿಕೊಳ್ಳಿರಿ. ಈ ಹಂತಕ್ಕೆ ಅವಸರ ಬೇಡ. ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ.

ಮಾಟುಂಗಾದ ಒಂದು ಉಡುಪಿ ಹೋಟೆಲನ್ನು ಕಲ್ಪಿಸಿಕೊಳ್ಳಿರಿ. ಇಪ್ಪತ್ತು ವರ್ಷಗಳಿಂದ ಗಲ್ಲೆಯಲ್ಲಿ ಕೂರುವ ಮ್ಯಾನೇಜರ್ ಒಬ್ಬರಿದ್ದಾರೆ. ಸಪ್ಲಾಯರ್, ಕ್ಲೀನರ್, ಅಡುಗೆಯವರು ಸೇರಿ 22 ಮಂದಿ ಕೆಲಸದವರು. ಹೆಚ್ಚಿನವರು ಕುಂದಾಪುರ, ಬೈಂದೂರು ಕಡೆಯವರು, ಹೋಟೆಲಿನ ಮೇಲಿನ ಮಾಳಿಗೆಯಲ್ಲೇ ಮಲಗುವವರು. ಸಂಬಳದಲ್ಲಿ ಕೈಖರ್ಚಿಗೆ ಬೇಕಾದಷ್ಟನ್ನು ತೆಗೆದುಕೊಂಡು ಉಳಿದುದನ್ನು, ಊರಿಗೆ ಹೋಗುವಾಗ ಕೊಡಿ ಎಂದು ಮ್ಯಾನೇಜರ ಬಳಿಯೇ ಬಿಡುತ್ತಾರೆ. ಆ ಮೊತ್ತ ಬೆಳೆಯುತ್ತ 18 ಲಕ್ಷವಾಗಿದೆ. ಗಲ್ಲೆಯಲ್ಲಿ ಅಷ್ಟೊಂದನ್ನು ಇಡಲಾಗದೆ, ತುಸು ಹೆಚ್ಚು ಬಡ್ಡಿ ಸಿಗುತ್ತದೆಂದು ಅವರು ಅದನ್ನು ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ತಮ್ಮ ಹೆಸರಿನಲ್ಲಿ ಇಟ್ಟಿದ್ದಾರೆ. ಅವರು ಒಂದು ರೂಪಾಯಿಯನ್ನೂ ಮುಟ್ಟಿದವರಲ್ಲ.

ಈಗ ಆದೇಶ ಬರುತ್ತದೆ. ಪ್ರತಿ ಠೇವಣಿದಾರನಿಗೆ 10,000 ರೂಪಾಯಿ ಮಿತಿ. ಕಾನೂನಿನ ಕಣ್ಣಿಗೆ ಅಲ್ಲಿ 22 ಠೇವಣಿದಾರರಿಲ್ಲ, ಒಬ್ಬರೇ ಇದ್ದಾರೆ. ಠೇವಣಿ ವಿಮೆಯ ಸ್ಥಿತಿಯೂ ಅದೇ. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ನಿರ್ದಿಷ್ಟ ಮೊತ್ತವನ್ನು ಕಟ್ಟಿಕೊಡುವ ವ್ಯವಸ್ಥೆಗೆ ಠೇವಣಿ ವಿಮೆ ಎನ್ನುತ್ತಾರೆ. 2020ರ ಫೆಬ್ರವರಿಯಲ್ಲಿ ಅದರ ಮಿತಿಯನ್ನು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಆದರೆ ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿದ್ದರೂ ಒಬ್ಬನ ಹೆಸರಿನಲ್ಲಿ, ಒಂದೇ ಹಕ್ಕಿನಲ್ಲಿ ಇರುವ ಠೇವಣಿಗಳನ್ನು ಅಸಲು ಬಡ್ಡಿ ಸಮೇತ ಒಟ್ಟುಗೂಡಿಸಿ ಐದು ಲಕ್ಷದವರೆಗೆ ಮಾತ್ರ ಕೊಡುತ್ತಾರೆ. ಪ್ರತಿಯೊಬ್ಬ ಕೆಲಸದವನಿಗೂ ಬೇರೆ ಖಾತೆಯಿದ್ದಿದ್ದರೆ ಎಲ್ಲರ ದುಡ್ಡೂ ಪೂರ್ತಿ ಸುರಕ್ಷಿತವಾಗಿರುತ್ತಿತ್ತು. ಈಗ 13 ಲಕ್ಷ ರೂಪಾಯಿ ತೂಗಾಡುತ್ತಿದೆ. ಇಲ್ಲಿ ಖಳನಾಯಕನಿಲ್ಲ, ಗುಂಡಿನ ಸದ್ದಿಲ್ಲ, ಒಳ್ಳೆಯವನೊಬ್ಬನು ಒಳ್ಳೆಯ ಉದ್ದೇಶದಿಂದಲೇ ಸಿಕ್ಕಿಬಿದ್ದಿದ್ದಾನೆ. ಇಷ್ಟು ಸಿಗುವವರೆಗೆ ಮೊದಲ ವಾಕ್ಯವನ್ನು ಬರೆಯಬೇಡಿರಿ.

ಈ ಹಂತದಲ್ಲಿ ಹಲವರು ಆಸ್ಪತ್ರೆಯಲ್ಲಿ ಮಲಗಿರುವ ಮಗುವನ್ನು ತಂದಿಡುತ್ತಾರೆ. ಹಣದ ಅಗತ್ಯವನ್ನು ತೋರಿಸಲು ಅದು ಸುಲಭದ ದಾರಿ, ಆದ್ದರಿಂದಲೇ ಸವೆದ ದಾರಿ. ಅಗತ್ಯವು ನಿಮ್ಮ ಪಾತ್ರದ ಕಸುಬಿನಿಂದಲೇ ಹುಟ್ಟಲಿ.

4. ಎರಡು ಗಡುವುಗಳ ನಡುವಿನ ಅಂತರವನ್ನು ಕಂಡುಹಿಡಿಯಿರಿ

ಗೋಡೆ ಕ್ಯಾಲೆಂಡರ್ ಇಲ್ಲಿ ಬೇಕಾಗುತ್ತದೆ. 2021ರ ತಿದ್ದುಪಡಿಯ ಪ್ರಕಾರ, ಬ್ಯಾಂಕಿನ ಮೇಲೆ ಇಂತಹ ನಿರ್ಬಂಧ ಬಿದ್ದಾಗ ವಿಮೆಯ ಹಣವನ್ನು 90 ದಿನಗಳೊಳಗೆ ಕೊಡಬೇಕು. ಇನ್ನೊಂದು ಕಡೆ, ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಕರಾವಳಿಗೆ ಹೋಗುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿಗೆ 60 ದಿನ ಮುಂಚಿತವಾಗಿ ಟಿಕೆಟ್ ಕಾಯ್ದಿರಿಸಬಹುದು. ಆದೇಶ ಬಂದ ದಿನವೇ ಬೆಳಿಗ್ಗೆ ಒಬ್ಬ ಹುಡುಗನು ತಂಗಿಯ ಮದುವೆಗೆ ಹೋಗಲೆಂದು ಟಿಕೆಟ್ ಮಾಡಿಸಿದ್ದಾನೆ ಎಂದುಕೊಳ್ಳಿರಿ. ಅವನು ದುಡ್ಡು ಕೇಳುವ ದಿನ ಟಿಕೆಟಿನ ಮೇಲೆಯೇ ಅಚ್ಚಾಗಿದೆ, ವಿಮೆಯ ಹಣ ಅದಾಗಿ ಒಂದು ತಿಂಗಳಾದ ಮೇಲೆ ಬಂದೀತು. ನಿಮ್ಮ ಕಾದಂಬರಿ ನಡೆಯುವುದು ಆ ಒಂದು ತಿಂಗಳಿನಲ್ಲಿ ಮತ್ತು ಅದರ ಮುಂಚಿನ ಎರಡು ತಿಂಗಳ ಭಯದಲ್ಲಿ. ಕ್ಯಾಲೆಂಡರಿನಲ್ಲಿ ಎರಡೂ ದಿನಾಂಕಗಳನ್ನು ಗುರುತು ಮಾಡಿ, ನಡುವಣ ಪ್ರತಿಯೊಂದು ಚೌಕದಲ್ಲಿ ಆ ದಿನ ಯಾರು ಏನು ಮಾಡುತ್ತಾರೆ ಎಂದು ಒಂದೊಂದು ಸಾಲು ತುಂಬಿಸಿರಿ.

ಷೇರು ಪೇಟೆಯ ಕಥೆಯಾದರೆ ಗಡುವು ನಿಮಿಷಗಳಲ್ಲಿರುತ್ತದೆ. ಸೂಚ್ಯಂಕವು ಮಧ್ಯಾಹ್ನ ಒಂದು ಗಂಟೆಗೆ ಮೊದಲು ಶೇ. 10ರಷ್ಟು ಕುಸಿದರೆ ವಹಿವಾಟು 45 ನಿಮಿಷ ನಿಲ್ಲುತ್ತದೆ, ಶೇ. 20ರಷ್ಟು ಕುಸಿದರೆ ಆ ದಿನಕ್ಕೆ ಮುಗಿದಂತೆಯೇ. ಈ ತಡೆಗೆ ಸರ್ಕ್ಯೂಟ್ ಬ್ರೇಕರ್ ಎನ್ನುತ್ತಾರೆ. 2020ರ ಮಾರ್ಚ್ 23ರಂದು ಇದು ನಿಜವಾಗಿಯೇ ನಡೆಯಿತು. ದಲಾಲ್ ಸ್ಟ್ರೀಟಿನ ಒಂದು ಕೋಣೆಯಲ್ಲಿ ಆ 45 ನಿಮಿಷಗಳ ಮೌನವನ್ನು ಒಂದು ಇಡೀ ಅಧ್ಯಾಯವಾಗಿ ಬೆಳೆಸಬಹುದು.

5. ಯಾರಿಗೆ ಏನು ಗೊತ್ತು ಎಂಬ ಪಟ್ಟಿ ಮಾಡಿರಿ

ಪತ್ತೇದಾರಿ ಕಥೆಯಲ್ಲಿ ಓದುಗನಿಗೆ ಪಾತ್ರಕ್ಕಿಂತ ಕಡಿಮೆ ಗೊತ್ತಿರುತ್ತದೆ, ಸಸ್ಪೆನ್ಸ್‌ನಲ್ಲಿ ಹೆಚ್ಚು ಗೊತ್ತಿರುತ್ತದೆ. ಮಾಹಿತಿಯನ್ನು ಕೊನೆಯವರೆಗೆ ಬಚ್ಚಿಟ್ಟರೆ ಒಂದು ಕ್ಷಣದ ಬೆರಗು ಮಾತ್ರ ದಕ್ಕುತ್ತದೆ, ಮೊದಲೇ ಕೊಟ್ಟರೆ ಇನ್ನೂರು ಪುಟಗಳ ಆತಂಕ ದಕ್ಕುತ್ತದೆ. ನಮ್ಮ ಉದಾಹರಣೆಯಲ್ಲಿ ದುಡ್ಡು ಎಲ್ಲಿದೆ ಎಂಬುದು ಓದುಗನಿಗೆ ಮೊದಲ ಅಧ್ಯಾಯದಲ್ಲೇ ತಿಳಿಯಬೇಕು. ಆಮೇಲೆ ಇಂತಹ ಒಂದು ದೃಶ್ಯ ಬರಲಿ:

ರಾತ್ರಿ ಹನ್ನೊಂದು ಗಂಟೆ. ಶಟರನ್ನು ಅರ್ಧ ಎಳೆದಾಗಿದೆ. ಗೋಡೆಯ ಟಿವಿಯಲ್ಲಿ ಯಾವುದೋ ಬ್ಯಾಂಕಿನ ಮುಂದೆ ನಿಂತ ಜನರ ಸಾಲು ಕಾಣುತ್ತಿದೆ, ಸದ್ದು ತಗ್ಗಿಸಿದೆ. ಕ್ಲೀನರ್ ಹುಡುಗ ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಗಲ್ಲೆಯ ಬಳಿ ಬರುತ್ತಾನೆ.

"ಅಣ್ಣ, ನನ್ನ ಲೆಕ್ಕ ಒಮ್ಮೆ ನೋಡ್ತೀರಾ?"

"ಈಗ ಯಾಕೆ ಮಾರಾಯ, ಹೊತ್ತಾಯ್ತಲ್ಲ?"

"ಸುಮ್ಮನೆ. ಎಷ್ಟಾಗಿದೆ ಅಂತ ಅಮ್ಮ ಫೋನಲ್ಲಿ ಕೇಳಿದ್ರು."

ಮ್ಯಾನೇಜರ್ ಕೆಂಪು ರಟ್ಟಿನ ಪುಸ್ತಕವನ್ನು ತೆಗೆದು, ಅವನ ಹೆಸರಿನ ಪುಟವನ್ನು ಬಿಡಿಸಿ, ಅಂಕಿಯ ಕೆಳಗೆ ಬೆರಳಿಟ್ಟು ತೋರಿಸುತ್ತಾರೆ. 84,300. ಅಂಕಿ ಸರಿಯಾಗಿದೆ. ಹುಡುಗ ತಲೆಯಾಡಿಸಿ ಮೇಲೆ ಹೋಗುತ್ತಾನೆ. ಮ್ಯಾನೇಜರ್ ಪುಸ್ತಕವನ್ನು ಮುಚ್ಚದೆ ಉಳಿದ 21 ಪುಟಗಳನ್ನು ಒಂದೊಂದಾಗಿ ತಿರುವಿಹಾಕುತ್ತಾರೆ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಬೆದರಿಸಲಿಲ್ಲ. ಹುಡುಗನಿಗೆ ಗೊತ್ತಿಲ್ಲದ ಒಂದು ಸಂಗತಿ ಓದುಗನಿಗೆ ಗೊತ್ತಿದೆ ಎಂಬಷ್ಟರಿಂದಲೇ ಈ ದೃಶ್ಯ ಬಿಗಿಯಾಗುತ್ತದೆ. ಒಂದು ಹಾಳೆಯಲ್ಲಿ ಎಡಬದಿಗೆ ಪಾತ್ರಗಳ ಹೆಸರು, ಮೇಲ್ಬದಿಗೆ ಅಧ್ಯಾಯಗಳ ಸಂಖ್ಯೆ ಬರೆದು, ಗುಟ್ಟು ಯಾರಿಗೆ ಯಾವಾಗ ತಿಳಿಯುತ್ತದೆ ಎಂದು ಗುರುತಿಸಿರಿ. ಒಂದೇ ಅಧ್ಯಾಯದಲ್ಲಿ ಎಲ್ಲರಿಗೂ ತಿಳಿದುಬಿಟ್ಟರೆ ಕಥೆ ಅಲ್ಲಿಗೆ ನಿಲ್ಲುತ್ತದೆ.

6. ನಗರವನ್ನೇ ಅಡ್ಡಿಯಾಗಿ ಬಳಸಿರಿ

ಮಾಟುಂಗಾ, ಕೋಟೆ ಪ್ರದೇಶದ ರಿಸರ್ವ್ ಬ್ಯಾಂಕ್, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ವಾಶಿಯ ಎಪಿಎಂಸಿ ಮಾರುಕಟ್ಟೆ ಇವುಗಳ ನಡುವಣ ದಾರಿಯನ್ನು ನೀವೇ ಪ್ರಯಾಣಿಸಿ ನೋಡಿರಿ. ಮಧ್ಯ ರೈಲ್ವೆಯ ಮಾಟುಂಗಾ ಮತ್ತು ಪಶ್ಚಿಮದ ಮಾಟುಂಗಾ ರೋಡ್ ಬೇರೆ ಬೇರೆ ನಿಲ್ದಾಣಗಳೆಂಬುದನ್ನು ಮರೆತು ಬರೆದ ಬೆನ್ನಟ್ಟುವ ದೃಶ್ಯವನ್ನು ಇಲ್ಲಿಯವರು ನಂಬುವುದಿಲ್ಲ. ಈ ನಗರ ಹೇಗೆ ನಿಲ್ಲುತ್ತದೆ ಎಂಬುದಕ್ಕೆ ದಾಖಲೆಗಳಿವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. 2020ರ ಅಕ್ಟೋಬರ್ 12ರ ಬೆಳಿಗ್ಗೆ ವಿದ್ಯುತ್ ಜಾಲ ಕೈಕೊಟ್ಟು ಲೋಕಲ್‌ಗಳು ನಡುದಾರಿಯಲ್ಲೇ ನಿಂತವು. ಇಂತಹ ಒಂದು ಘಟನೆಯನ್ನು ಮಾತ್ರ ಬಳಸಿರಿ, ಅದೂ ಪಾತ್ರದ ಕಷ್ಟವನ್ನು ಹೆಚ್ಚಿಸಲು. ಕಷ್ಟದಿಂದ ಪಾರುಮಾಡಲು ಆಕಸ್ಮಿಕವನ್ನು ಬಳಸುವುದು ಓದುಗನಿಗೆ ಮಾಡುವ ಮೋಸ.

ಸುದ್ದಿ ಹರಡುವ ಜಾಗಗಳನ್ನೂ ಗುರುತಿಸಿಕೊಳ್ಳಿರಿ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಶನಿಪೂಜೆ, ಯಕ್ಷಗಾನದ ರಾತ್ರಿ ಇಂತಹ ಕಡೆ ಜನ ಸೇರಿದಾಗ, "ನಿಮ್ಮದು ಯಾವ ಬ್ಯಾಂಕ್ ಮಾರಾಯ್ರೇ?" ಎಂಬ ಒಂದು ಸಹಜ ಪ್ರಶ್ನೆಯೇ ನಿಮ್ಮ ಮ್ಯಾನೇಜರ ಬೆನ್ನಿನಲ್ಲಿ ಬೆವರು ತರಿಸಬಲ್ಲದು. ಸಂಭಾಷಣೆಯಲ್ಲಿ ಮರಾಠಿ, ಹಿಂದಿ, ತುಳು ಬೆರೆಯುವುದು ಸಹಜ. ಒಂದೆರಡು ಪದಗಳಲ್ಲಿ ಅದರ ಬಣ್ಣ ತೋರಿಸಿದರೆ ಸಾಕು.

7. ಎದುರಾಳಿಯನ್ನು ಆದೇಶದ ಬಿರುಕಿನಿಂದ ತೆಗೆಯಿರಿ

ಜಗತ್ತನ್ನೇ ಆಡಿಸುವ ಅದೃಶ್ಯ ಶಕ್ತಿಯನ್ನು ಕಲ್ಪಿಸಬೇಡಿರಿ. ಪ್ರತಿಯೊಂದು ನಿರ್ಬಂಧದ ಬೆನ್ನಿಗೂ ಅದರಿಂದ ಲಾಭ ಮಾಡುವವರು ಹುಟ್ಟಿಕೊಳ್ಳುತ್ತಾರೆ. 2016ರ ನವೆಂಬರ್ 8ರ ನೋಟು ರದ್ದತಿಯ ಬಳಿಕ ಕಮಿಷನ್ ಹಿಡಿದುಕೊಂಡು ಹಳೆಯ ನೋಟುಗಳನ್ನು ಬದಲಿಸಿಕೊಡುವವರು ಕಾಣಿಸಿಕೊಂಡದ್ದು ಎಲ್ಲರಿಗೂ ನೆನಪಿದೆ. ನಿಮ್ಮ ಕಥೆಯಲ್ಲಿ, ಸಿಕ್ಕಿಬಿದ್ದ ಠೇವಣಿಯ ರಸೀದಿಯನ್ನು ಅರ್ಧ ಬೆಲೆಗೆ ಕೊಳ್ಳಲು ಬರುವ, ಮೃದುವಾಗಿ ಮಾತನಾಡುವ, ಊರಿನವನೇ ಆದ ಒಬ್ಬನು ಬರಲಿ. 18 ಲಕ್ಷಕ್ಕೆ ಪ್ರತಿಯಾಗಿ ಇಂದೇ ಒಂಬತ್ತು ಲಕ್ಷ ನಗದು. ಮದುವೆ ನಡೆಯುತ್ತದೆ, ಗುಟ್ಟು ಉಳಿಯುತ್ತದೆ, ಆದರೆ 22 ಮಂದಿಯ ಅರ್ಧ ಬದುಕನ್ನು ಅವರನ್ನು ಕೇಳದೆಯೇ ಮಾರಿದಂತಾಗುತ್ತದೆ. ಇಂತಹವನಿಗೆ ಪಿಸ್ತೂಲಿನ ಅಗತ್ಯವಿಲ್ಲ.

8. ಪರಿಭಾಷೆಯನ್ನು ಬಾಯಿಮಾತಿನಲ್ಲಿ ಬಿಡಿಸಿರಿ, ನಿಜವಾದ ಹೆಸರುಗಳನ್ನು ದೂರವಿಡಿರಿ

ಬ್ಯಾಂಕ್ ರನ್ ಎಂದರೆ ಎಲ್ಲ ಠೇವಣಿದಾರರೂ ಒಮ್ಮೆಗೇ ದುಡ್ಡು ತೆಗೆಯಲು ಧಾವಿಸುವುದು. ಹೇರ್‌ಕಟ್ ಎಂದರೆ ಬರಬೇಕಾದ ಮೊತ್ತದಲ್ಲಿ ಒಂದು ಪಾಲನ್ನು ಕಡಿತಗೊಳಿಸಿ ಕೊಡುವುದು. ಇವನ್ನು ನಿರೂಪಕನ ಉಪನ್ಯಾಸವಾಗಿ ಬರೆಯದೆ, ವಿಷಯ ತಿಳಿಯದ ಪಾತ್ರವೊಂದು ತಿಳಿದ ಪಾತ್ರವನ್ನು ಕೇಳುವಂತೆ ಮಾಡಿರಿ. ಉತ್ತರ ಎರಡು ಸಾಲು ಮೀರದಿರಲಿ.

ಕಥೆಯಲ್ಲಿ ಮುಳುಗುವ ಬ್ಯಾಂಕಿಗೆ ಎಲ್ಲಿಯೂ ಇಲ್ಲದ ಹೆಸರನ್ನಿಡಿರಿ, ಆ ಹೆಸರು ಇರುವ ಯಾವುದೇ ಸಂಸ್ಥೆ ಇಲ್ಲವೆಂದು ಹುಡುಕಿ ಖಚಿತಪಡಿಸಿಕೊಳ್ಳಿರಿ. ಇದು ಕಾನೂನಿನ ಎಚ್ಚರಿಕೆ ಮಾತ್ರವಲ್ಲ. ಸಹಕಾರಿ ಬ್ಯಾಂಕುಗಳಲ್ಲಿ ನಮ್ಮ ಜನರ ಜೀವಮಾನದ ಉಳಿತಾಯವಿದೆ, ಗಾಳಿಮಾತಿನಿಂದಲೇ ಬ್ಯಾಂಕಿನ ಮುಂದೆ ಸಾಲು ಬೆಳೆಯಬಹುದು. ಕಾದಂಬರಿಯ ಪ್ರಚಾರಕ್ಕೆಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಹೋಲುವ ಚಿತ್ರವನ್ನು ಮಾಡಿ ವಾಟ್ಸಪ್‌ನಲ್ಲಿ ಹರಿಬಿಡುವ ಯೋಚನೆ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಕೈಬಿಡಿರಿ.

9. ಕರಡನ್ನು ಪರೀಕ್ಷೆಗೆ ಒಡ್ಡಿರಿ

ಮೊದಲ ಕರಡು ಮುಗಿದ ಮೇಲೆ ಒಂದು ತಿಂಗಳು ಅದನ್ನು ಮುಟ್ಟಬೇಡಿರಿ. ಬಳಿಕ ಮೂವರಿಗೆ ಓದಲು ಕೊಡಿರಿ: ನಿವೃತ್ತ ಕ್ಯಾಷಿಯರ್, ಹೋಟೆಲಿನ ಗಲ್ಲೆಯಲ್ಲಿ ಕೂತು ಅನುಭವವಿರುವ ಒಬ್ಬರು, ಥ್ರಿಲ್ಲರ್‌ಗಳನ್ನು ಇಷ್ಟಪಟ್ಟು ಓದುವ ಒಬ್ಬರು. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವಷ್ಟೇ ಬರುತ್ತದೆ. ಅದರ ಬದಲು, ನಂಬಿಕೆ ಹೋದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ, ಪುಸ್ತಕವನ್ನು ಕೆಳಗಿಟ್ಟ ಪುಟದ ಮೂಲೆಯನ್ನು ಮಡಚಿರಿ ಎಂದು ಕೇಳಿಕೊಳ್ಳಿರಿ. ಕ್ಯಾಷಿಯರ್ ಎಳೆದ ಗೆರೆಗಳನ್ನು ವಾದಿಸದೆ ತಿದ್ದಿರಿ. ಮೂವರಲ್ಲಿ ಇಬ್ಬರು ಒಂದೇ ಪುಟವನ್ನು ಮಡಚಿದ್ದರೆ ದೋಷ ಆ ಪುಟದಲ್ಲಿರುವುದು ಕಡಿಮೆ. ಅದರ ಹಿಂದಿನ ಹತ್ತು ಪುಟಗಳಲ್ಲಿ ಎಲ್ಲೋ ಗಡುವು ಓದುಗನ ಕಣ್ಣಿಂದ ಮರೆಯಾಗಿರುತ್ತದೆ. ಕ್ಯಾಲೆಂಡರನ್ನು ಮತ್ತೆ ಎದುರಿಗಿಟ್ಟುಕೊಂಡು, ಆ ಪುಟಗಳು ಯಾವ ಚೌಕಕ್ಕೆ ಸೇರುತ್ತವೆ ಎಂದು ನೋಡಿ, ಯಾವ ಚೌಕಕ್ಕೂ ಸೇರದ ದೃಶ್ಯವನ್ನು ತೆಗೆದುಹಾಕಿರಿ.